ಕೂಗುವ ಊರು

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ. ಇಲ್ಲಿ ಫೋನೆಂದರೆ ಕಿರುಚಾಟ, ಬೀದಿಗೆಲ್ಲ ಕೇಳುತ್ತದೆ. ಬಟ್ಟೆ ಗಿರಣಿ ಮುಚ್ಚಿ ವರ್ಷಗಳಾದರೂ, ಮಗ್ಗಗಳ ಸದ್ದಿಗೆ ಕಿವಿ ಕಳೆದುಕೊಂಡವರು ಇನ್ನೂ ಕೂಗಿಯೇ ಮಾತಾಡುತ್ತಾರೆ. ಅರ್ಧ ಮನೆಗಳಿಗೆ ಬೀಗ, ಉಳಿದರ್ಧದಲ್ಲಿ ಕೂಗು. ಹೊರಗೆ ಓದಿ ಬಂದ ನನ್ನ ದನಿ ಯಾರಿಗೂ ಕೇಳಿಸುವುದಿಲ್ಲ. "ಮಾತಾಡಿದ್ರೆ ಮುತ್ತು ಉದುರುತ್ತೇನೇ? ಗಟ್ಟಿಯಾಗಿ ಹೇಳು!" ಎಂದು ಪಕ್ಕದ ಮನೆ ಅತ್ತೆ ದಿನಾ ಗದರುತ್ತಾರೆ.

ನನ್ನ ಪುಟ್ಟಿಗೆ ಈಗ ಎಂಟು ತಿಂಗಳು. ಬೆನ್ನ ಹಿಂದೆ ನಿಂತು ಕರೆದರೆ ತಿರುಗುವುದಿಲ್ಲ. ಅಪ್ಪನಿಗೆ ಹೇಳಿದೆ. ಅವರು ನೆಲ ಅದುರುವಂತೆ ಕಾಲು ಕುಟ್ಟಿ "ಏ ಪುಟ್ಟೀ!" ಎಂದರು. ಅವಳು ತಿರುಗಿದಳು. "ನೋಡು! ಗಿರಣಿಯವನ ಮೊಮ್ಮಗಳು, ನಿನ್ನ ಪಿಸುಮಾತಿಗೆಲ್ಲ ತಿರುಗ್ತಾಳಾ?" ಎಂದು ನಕ್ಕರು. ಅಮ್ಮನೂ ನಕ್ಕಳು. ಮಗು ತಿರುಗಿದ್ದು ದನಿಗೋ, ನೆಲ ಅದುರಿದ್ದಕ್ಕೋ ಎಂದು ಈ ಮನೆಯಲ್ಲಿ ಯಾರನ್ನು ಕೇಳಲಿ? ಗಿರಣಿಯ ಆಸ್ಪತ್ರೆಯೂ ಮುಚ್ಚಿದೆ. ನನ್ನವರಿಗೆ ರಜೆ ಸಿಕ್ಕಿಲ್ಲ. ನನಗೆ ಕಣ್ಣಿಗೆ ಕಣ್ಣು ಹತ್ತುತ್ತಿಲ್ಲ.

ನಿನ್ನೂರಿನ ದೊಡ್ಡಾಸ್ಪತ್ರೆಯಲ್ಲಿ ಕೂಸುಗಳ ಕಿವಿ ಪರೀಕ್ಷೆ ಮಾಡುತ್ತಾರಾ, ವಿಚಾರಿಸು. ಆದಷ್ಟು ಬೇಗ ನಮ್ಮನ್ನು ಕರೆದುಕೊಂಡು ಹೋಗಲು ಬಾ. ಅಪ್ಪನಿಗೆ ಸುಮ್ಮನೆ ನೋಡಿಹೋಗಲು ಬಂದೆ ಅನ್ನು.

ಬಂದಾಗ ಬಾಗಿಲಲ್ಲೇ ಕೂಗಬೇಡ. ಸದ್ದಿಲ್ಲದೆ ಒಳಗೆ ಬಂದು, ಅವಳ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆ. ನಾನು ಅಡುಗೆಮನೆಯಲ್ಲಿರುತ್ತೇನೆ. ಅವಳು ತಿರುಗಿದರೆ ಮಾತ್ರ ನನ್ನನ್ನು ಕೂಗು.

ನಿನ್ನ ತಂಗಿ