ವೈರಸ್ ಬಾರದ ಕಂಪ್ಯೂಟರ್ ತಂದವರಿಗೆ

ನಮ್ಮ ಶಾಲಾ ಜಿಲ್ಲೆಯ ಮಾನ್ಯ ಗಣಕ ನಿರ್ದೇಶಕರೇ,

ಬರುವ ಸೋಮವಾರ ಸಂಜೆ ಶಾಲಾ ಮಂಡಳಿಯ ಮುಂದೆ ನಿಂತು, ಮಾರ್ಲಿಸ್ ಎಂಗೆಬ್ರೆಟ್ಸನ್ ಅವರನ್ನು ಕೆಲಸದಿಂದ ತೆಗೆಯಿರಿ ಎಂದು ನೀವು ಕೇಳಲಿದ್ದೀರಿ. ಪ್ರಾಥಮಿಕ ಶಾಲೆಯ ಕಚೇರಿಯಲ್ಲಿ ಕೂತು ಈ ಊರಿನ ಅರ್ಧ ಜನರ ಮೂಗು ಒರೆಸಿ, ಕಳೆದುಹೋದ ಕೈಗವಸು ಹುಡುಕಿಕೊಟ್ಟ ಹೆಂಗಸು ಜಿಲ್ಲೆಯ ಅಷ್ಟೂ ಕಂಪ್ಯೂಟರುಗಳನ್ನು ಕೊಂದಳು ಎಂಬುದು ನಿಮ್ಮ ಆರೋಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎತ್ತು ಯಾರು ಎಂದು ಊರಿಗೆ ತಿಳಿಸುವುದಕ್ಕೆ ಈ ಬಹಿರಂಗ ಪತ್ರ. ನಾನು ಗುಲೇದ್, ನಿಮ್ಮದೇ ವಿಭಾಗದ ಸಹಾಯಕ, ಪ್ರಿಂಟರ್ ಕೆಟ್ಟರೆ ಓಡುವವನು. ಕೈಯಲ್ಲಿ ಬರೆಯುತ್ತಿಲ್ಲ, ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಸಿಟ್ಟು ಬಂದಾಗ ಬೆರಳಿಗಿಂತ ನಾಲಿಗೆ ಚುರುಕು.

ಎರಡು ಚಳಿಗಾಲದ ಹಿಂದೆ ಶಾಲೆಯ ಊಟದ ಕೋಣೆಯಲ್ಲಿ ನೀವು ಮಾಡಿದ ಭಾಷಣ ನೆನಪಿದೆಯೇ? ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್ ತಟ್ಟೆ ಕೈಯಲ್ಲಿ ಹಿಡಿದೇ ಹೇಳಿದಿರಿ: "ಹಳೇ ಕಂಪ್ಯೂಟರ್‌ಗೆಲ್ಲ ಇವತ್ತಿಗೆ ಗುಡ್‌ಬೈ. ಹೊಸದರಲ್ಲಿ ಬೇರೇ ಸಿಸ್ಟಂ ಇದೆ. ವೈರಸ್ ಅನ್ನೋ ಮಾತೇ ಇಲ್ಲ, ಹಾಯಾಗಿ ನಿದ್ದೆ ಮಾಡಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಿದ್ದೆಯ ವಿಷಯದಲ್ಲಿ ನೀವು ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಂದಿನಿಂದ ನೀವು ಎದ್ದೇ ಇಲ್ಲ.

ಆ ಸಿಸ್ಟಂನ ಹೆಸರು ಹೇಳುವುದಿಲ್ಲ, ಅದರ ತಪ್ಪೇನೂ ಇಲ್ಲ. ಆದರೆ ಕೆಲವು ಸಿಸ್ಟಂಗಳಿಗೆ ವೈರಸ್ ಕಡಿಮೆ ಏಕೆ ಎಂದು ನೀವು ಒಮ್ಮೆಯಾದರೂ ಯೋಚಿಸಿದ್ದೀರಾ? ಮಿನ್ನೆಸೋಟದ ಈ ನಮ್ಮೂರನ್ನೇ ನೋಡಿ. ಜನವರಿಯಲ್ಲಿ ಕಾರು ತಣ್ಣಗಾಗದಿರಲೆಂದು ಎಂಜಿನ್ ಓಡುತ್ತಿರುವಂತೆಯೇ ಬಿಟ್ಟು, ಕೀಲಿಯನ್ನೂ ಅದರಲ್ಲೇ ಬಿಟ್ಟು ಅಂಗಡಿಯೊಳಗೆ ಹೋಗುತ್ತೀರಿ. ಕಾರು ಕದ್ದುಹೋಗುವುದಿಲ್ಲ. ಅದು ಕಾರಿನ ಬೀಗದ ಮಹಿಮೆಯೇ? ಇಷ್ಟು ದೂರ, ಇಷ್ಟು ಚಳಿಗೆ, ಇಷ್ಟು ಕಡಿಮೆ ಕಾರುಗಳಿಗಾಗಿ ಯಾವ ಕಳ್ಳನೂ ಬಸ್ಸು ಹತ್ತಿ ಬರುವುದಿಲ್ಲ, ಅಷ್ಟೇ. ಕುತಂತ್ರಾಂಶ ಬರೆಯುವವನ ಲೆಕ್ಕವೂ ಇದೇ. ಜಗತ್ತಿನ ಮೇಜುಗಳ ಮೇಲೆಲ್ಲ ಯಾವ ಸಿಸ್ಟಂ ಹೆಚ್ಚು ಕೂತಿದೆಯೋ ಅದಕ್ಕೇ ಅವನು ಬಲೆ ಹೆಣೆಯುತ್ತಾನೆ. ಮೀನು ಕಡಿಮೆ ಇರುವ ಕೆರೆಗೆ ಯಾರು ಬಲೆ ಬೀಸುತ್ತಾರೆ? ಲಿನಕ್ಸ್ ನೋಡಿ. ಮನೆಯ ಮೇಜಿನ ಮೇಲೆ ಅದು ಅಪರೂಪ, ಅಲ್ಲಿ ಕಳ್ಳರೂ ಅಪರೂಪ. ದೊಡ್ಡ ದೊಡ್ಡ ಸರ್ವರುಗಳಲ್ಲಿ ಅದೇ ತುಂಬಿದೆ, ಅಲ್ಲಿ ಕಳ್ಳರೂ ಬಾಗಿಲು ತಟ್ಟುತ್ತಲೇ ಇರುತ್ತಾರೆ.

ಕಾರಣ ಇದೊಂದೇ ಅಲ್ಲ ಎನ್ನುತ್ತೀರೇನೋ. ಖಂಡಿತ ಅಲ್ಲ. ಒಳ್ಳೆಯ ಸಿಸ್ಟಂನಲ್ಲಿ ದಿನದ ಕೆಲಸ ಮಾಡುವವರ ಕೈಗೆ ಮನೆಯ ಮುಖ್ಯ ಕೀಲಿ ಕೊಡುವುದಿಲ್ಲ. ತಂತ್ರಾಂಶಗಳು ಪರೀಕ್ಷೆಯಾದ ಒಂದೇ ಅಂಗಡಿಯಿಂದ ಬರುತ್ತವೆ, ಬೀದಿಯಲ್ಲಿ ಸಿಕ್ಕವರಿಂದಲ್ಲ. ತೂತು ಕಂಡ ಕೂಡಲೇ ತೇಪೆ ಹಾಕುತ್ತಾರೆ. ಇವೆಲ್ಲ ಆ ಸಿಸ್ಟಂನಲ್ಲಿ ಇದ್ದವು ಸ್ವಾಮಿ, ನೀವು ಬರುವವರೆಗೂ ಇದ್ದವು! ಅನುಮತಿಗಾಗಿ ಪದೇ ಪದೇ ಫೋನ್ ಮಾಡಿ ನಿಮ್ಮ ಕಾಫಿ ಆರಿಸುತ್ತಾರೆಂದು ಪ್ರತಿ ಗುಮಾಸ್ತರಿಗೂ ಮುಖ್ಯ ಕೀಲಿಯ ಪಾಸ್‌ವರ್ಡ್ ಹಂಚಿದಿರಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅಂಗಡಿಯ ಕಟ್ಟುಪಾಡು ತೆಗೆಸಿದಿರಿ. ತೇಪೆ ಹಾಕಿದರೆ ಯಂತ್ರ ನಿಧಾನವಾಗುತ್ತದೆಂದು ಮುಂದೂಡಿದಿರಿ. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಎಚ್ಚರಿಕೆಯ ತರಬೇತಿಯನ್ನೂ ನಿಲ್ಲಿಸಿದಿರಿ. ವೈರಸ್ಸೇ ಇಲ್ಲದ ಮೇಲೆ ಎಚ್ಚರ ಯಾರಿಗೆ ಬೇಕು? ಕೊನೆಗೆ ಉಳಿದದ್ದು ಆ ಮೊದಲನೆಯ ಕಾರಣ ಒಂದೇ: ಕಳ್ಳನಿಗೆ ನಮ್ಮ ಮೇಲೆ ಆಸಕ್ತಿಯಿಲ್ಲ ಎಂಬುದು. ಒಬ್ಬನಿಗೆ ಆಸಕ್ತಿ ಬಂತು. ನಮ್ಮ ಜಿಲ್ಲೆಯ ಹೆಸರನ್ನೇ ಹಾಕಿ ಮಿಂಚಂಚೆ ಕಳಿಸಿದ.

ಆ ಬೆಳಿಗ್ಗೆ ಮಾರ್ಲಿಸ್ ಕರೆದರೆಂದು ಹೋದವನು ನಾನು. ಪರದೆ ಕಪ್ಪಾಗಿತ್ತು, ಅವರ ಮುಖ ಬೆಳ್ಳಗಾಗಿತ್ತು.

"ಬಸ್ಸಿನ ದಾರಿ ಬದಲಾಗಿದೆ, ತೆಗೆದು ನೋಡಿ ಅಂತ ಬಂದಿತ್ತು, ಗುಲೇದ್. ತೆಗ್ದೆ. ಪಾಸ್‌ವರ್ಡ್ ಕೊಡ್ತೀರಾ ಅಂತ ಕೇಳ್ತು. ಬೇಡ ಅಂದೆ."

"ಸರಿಯಾಗೇ ಮಾಡಿದ್ದೀರಲ್ಲ!"

"ಮತ್ತೆ ಕೇಳ್ತು. ಮತ್ತೆ ಬೇಡ ಅಂದೆ ಕಣಪ್ಪ. ಮೂರನೇ ಸಲಾನೂ ಕೇಳ್ತು. ದಯವಿಟ್ಟು ಅಂತ ಬೇರೆ ಇತ್ತು."

"ಅದಕ್ಕೆ?"

"ಅದಕ್ಕೇನು, ಕೊಟ್ಟೆ. ಮೂರನೇ ಸಲ ಕೇಳ್ದಾಗ ಬೇಡ ಅನ್ನೋಕಾಗುತ್ತಾ?"

ನಾನು ನಗಲಿಲ್ಲ. ಈ ಊರಿಗೆ ಬಂದ ಹೊಸತರಲ್ಲಿ ಇದೇ ಮಾರ್ಲಿಸ್ ನನ್ನನ್ನು ಮನೆಗೆ ಕರೆದು ಕೇಕ್ ಕೊಡಲು ಬಂದಾಗ, ಮೊದಲ ಸಲಕ್ಕೇ ತೆಗೆದುಕೊಂಡುಬಿಟ್ಟಿದ್ದೆ. ಅವರ ಗಂಡ ಆರ್ವಿಡ್ ಕಣ್ಣು ಮಿಟುಕಿಸಿದ್ದರು: "ಏ ಹುಡ್ಗ, ಎರಡು ಸಲ ಬೇಡ ಅನ್ಬೇಕು ಮಾರಾಯ, ಮೂರನೇದಕ್ಕೆ ತಗೋಬೇಕು. ಇಲ್ಲಾಂದ್ರೆ ಹಸಿದು ಬಂದಿದ್ದಾನೆ ಅಂತಾರೆ." ನಾನು ನಿಜಕ್ಕೂ ಹಸಿದಿದ್ದೆ. ನಾವು ಸೊಮಾಲಿಗಳು, ಅತಿಥಿ ಬೇಡ ಎಂದರೂ ತಟ್ಟೆ ತುಂಬುವವರು. ನನಗೆ ಈ ಲೆಕ್ಕ ಕಲಿಯಲು ಒಂದು ಚಳಿಗಾಲ ಹಿಡಿಯಿತು. ಕಳ್ಳನಿಗೆ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ, ಅವನ ತಂತ್ರಾಂಶ ಸುಮ್ಮನೆ ಕೇಳುತ್ತಲೇ ಇರುವಂಥದ್ದು. ಸಿಸ್ಟಂ ಮೂರು ಸಲ ತಡೆದು ನಿಲ್ಲಿಸಿತ್ತು. ಆ ಹೆಂಗಸಿನ ಬಳಿ ಕೊಡಲು ಕೀಲಿಯೇ ಇರದಿದ್ದರೆ, ಅವರ ಸೌಜನ್ಯ ಕೇಕಿನ ಹತ್ತಿರವೇ ನಿಲ್ಲುತ್ತಿತ್ತು.

ಈಗ ನೀವು ಆ ಕೀಲಿ ಇಸಿದುಕೊಂಡವರನ್ನು ಹೊರಗೆ ಹಾಕುತ್ತಿದ್ದೀರಿ. ಕೀಲಿ ಹಂಚಿದವರೇ ಆ ಹೊರಹಾಕುವ ಸಮಾರಂಭದ ಮುಖ್ಯ ಅತಿಥಿ. ಆರ್ವಿಡ್‌ಗೆ ಕ್ಯಾನ್ಸರ್ ಎಂದು ನಿಮಗೆ ಗೊತ್ತು. ಅವರ ಔಷಧಿ ಬರುವುದು ಮಾರ್ಲಿಸ್‌ರ ಕೆಲಸದ ವಿಮೆಯಿಂದ ಎಂದೂ ಗೊತ್ತು, ಏಕೆಂದರೆ ಅವರಿಗಾಗಿ ಚರ್ಚಿನಲ್ಲಿ ನಡೆದ ಪ್ರಾರ್ಥನೆಯಲ್ಲಿ ಮೊದಲ ಸಾಲಿನಲ್ಲಿ ಕಣ್ಣುಮುಚ್ಚಿ ಕೂತವರು ನೀವು. ಎಷ್ಟು ಅಭ್ಯಾಸ ನಿಮಗೆ, ಕಣ್ಣು ಮುಚ್ಚುವುದು!

ಪಾಸ್‌ವರ್ಡ್ ಹಂಚಿದ್ದು ತಾವೇ ಎಂದು ಮಂಡಳಿಗೆ ಹೇಳಿ ಎಂದು ನಿಮ್ಮ ಕೋಣೆಗೆ ಬಂದು ಕೇಳಿದೆ. "ಈಗ ಅದೆಲ್ಲ ಬೇಡಪ್ಪ" ಎಂದು ನಕ್ಕಿರಿ. ಕಾರು ನಿಲ್ಲಿಸುವಲ್ಲಿ ಕಾದು ಮತ್ತೆ ಕೇಳಿದೆ. "ನೀನು ಹೊಸಬ, ಗುಲೇದ್. ಇಲ್ಲಿನ ರೀತಿ ರಿವಾಜು ನಿಂಗೆ ಗೊತ್ತಾಗಲ್ಲ. ನಿನ್ನ ಕೆಲಸ ಉಳಿಸ್ಕೋ" ಎಂದಿರಿ.

ಗೊತ್ತಾಗಿದೆ ಸ್ವಾಮಿ. ಚೆನ್ನಾಗಿಯೇ ಕಲಿಸಿದ್ದಾರೆ. ಅದಕ್ಕೇ ಇಡೀ ಊರಿನ ಮುಂದೆ, ಮೂರನೇ ಸಲ ಕೇಳುತ್ತಿದ್ದೇನೆ. ಸೋಮವಾರ ಎದ್ದು ನಿಂತು, ಕೀಲಿ ನಾನೇ ಹಂಚಿದೆ, ಮಾರ್ಲಿಸ್‌ರ ಕೆಲಸ ಮುಟ್ಟಬೇಡಿ ಎಂದು ಹೇಳಿ.

ದಯವಿಟ್ಟು.

ಇಂತಿ,
ಸೋಮವಾರದವರೆಗಾದರೂ ನಿಮ್ಮ ಸಹಾಯಕ,
ಗುಲೇದ್ ವರ್ಸಮೆ