ಮೂರು ಪೆನ್ನು, ಒಂದು ಪ್ರಶ್ನೆ ಚಿಹ್ನೆ

ಇಳಕಲ್ಲ, ೧೮ ನವೆಂಬರ್ ೨೦೨೫, ಮಂಗಳವಾರ ರಾತ್ರಿ

ಸಕಲರಿಗೂ ಡಂಗುರ ಹೊಡೆದು ಸಾರುವುದೇನೆಂದರೆ, ನನ್ನ ಪೆನ್ನುಗಳು ನಿರಪರಾಧಿಗಳು. ಅಕ್ಷರ ಸಣ್ಣಗಾಗುತ್ತಿದೆ ಎಂದು ಈ ತಿಂಗಳು ಮೂರು ಪೆನ್ನು ಬದಲಿಸಿದ್ದೆ. ನಾನು ಹಾಸ್ಯ ಅಂಕಣ ಬರೆಯುವ ಪತ್ರಿಕೆಯ ಟೈಪಿಸ್ಟ್ ಪ್ರೇಮಕುಮಾರ, "ಸರ, ನಿಮ್ಮ ಹಾಸ್ಯ ಓದಾಕ ಭೂತಗನ್ನಡಿ ಬೇಕಾಗೇತ್ರಿ" ಅಂದಿದ್ದ.

ಬೆಳಿಗ್ಗೆ ಬಾಗಲಕೋಟೆಯ ನರರೋಗದ ಡಾಕ್ಟರು ನನ್ನ ಹೆಸರನ್ನು ಹತ್ತು ಸಲ ಬರೆಸಿದರು. ಮೊದಲನೆಯದು ಆನೆ, ಹತ್ತನೆಯದು ಇರುವೆ. ಅದಕ್ಕೆ ‘ಮೈಕ್ರೋಗ್ರಾಫಿಯಾ’ ಅಂತಾರಂತೆ. ಇಷ್ಟು ಸಣ್ಣ ಅಕ್ಷರಕ್ಕೆ ಅಷ್ಟುದ್ದದ ಹೆಸರು! ಚೀಟಿಯ ಕೆಳಗೆ ‘ಪಾರ್ಕಿನ್ಸನ್’ ಎಂದು ಬರೆದು ಮುಂದೊಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಊರು ಮುಟ್ಟುವ ತನಕ ಬಸ್ಸಿನಲ್ಲಿ ಆ ಚಿಹ್ನೆಯ ಕೊಕ್ಕೆಗೇ ಜೋತುಬಿದ್ದು ಬಂದೆ.

ಸಂಜೆ ನನ್ನಾಕೆ ಮಾದೇವಿ ಮಗ್ಗದ ಮುಂದೆ ಸೀರೆಯ ಒಡಲಿಗೆ ಸೆರಗಿನ ಎಳೆ ಜೋಡಿಸುವಾಗ, ಎಂದಿನಂತೆ ಎಳೆಯ ತುದಿ ಹಿಡಿದು ಕೂತೆ. ಹೆಬ್ಬೆರಳು ತಾನಾಗೇ ಕುಣಿಯಿತು. ಎಳೆ ತಪ್ಪಿತು.

"ಚ್ಯಾಷ್ಟಿ ಸಾಕ್ರಿ! ಮುದುಕರ ನಕಲ ಆಮ್ಯಾಲ ಮಾಡೀರಂತ, ಸೆರಗ ಕೂಡ್ಲಿ ಮೊದಲ."

ಮೂವತ್ತು ವರ್ಷ ನಗಿಸಿದ್ದಕ್ಕೆ ಸಿಕ್ಕ ಬಹುಮಾನ. ನಾನೂ ನಕ್ಕೆ. ಚೀಟಿ ಜೇಬಿನಲ್ಲೇ ಉಳಿಯಿತು. ನಗು ನಿಂತ ಮೇಲೂ ಬೆರಳು ಕುಣಿಯುತ್ತಲೇ ಇತ್ತು, ಅವಳು ನೋಡಲಿಲ್ಲ.

ಈ ಪುಟದ ಮೇಲಿನ ಸಾಲು ಕಂಡಷ್ಟು ಕೆಳಗಿನದು ನನಗೇ ಕಾಣುತ್ತಿಲ್ಲ. ಬಾಯಿಬಿಟ್ಟು ಹೇಳಿದರೆ ಮತ್ತೆ ನಗುತ್ತಾಳೆ.

ಮಾದೇವಿ, ನೀ ಇದನ್ನ ಕದ್ದು ಓದ್ತೀ ಅನ್ನೋದು ನನಗ ಗೊತ್ತೈತಿ. ಕನ್ನಡಕ ಹಾಕ್ಕೊಂಡು ಓದು. ನಾಳಿಂದ ಎಳಿ ಹಿಡಿಯಾಕ ಬಾಜೂ ಮನಿ ಬೋರವ್ವನ್ನ ಕರಿ.