ಹಳೇ ಡಬ್ಬಿಯ ಹೊಸ ವಾರ್ನಿಷ್

೧೨ ಮಾರ್ಚ್ ೨೦೨೫, ಬುಧವಾರ

ಅಂತೋಣಿಯ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಕಾಸಿಮೇಡಿನ ಮೀನುಬಂದರಿನಲ್ಲಿ ದೋಣಿ ಕಟ್ಟುವ ಅವನಿಗೆ ಮೂವತ್ತು ವರ್ಷದಿಂದ ನಮ್ಮ ಅಂಗಡಿಯ ವಾರ್ನಿಷ್ಷೇ ಆಗಬೇಕು. ಮೊದಲ ಸಲ ಬಳಿಯುವಾಗ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸುವುದು ಅವನ ಪದ್ಧತಿ. ಕಂಪನಿಯವರು ಡಬ್ಬಿ ಅದೇ ಇಟ್ಟು ಒಳಗಿನದನ್ನು ಬದಲಾಯಿಸಿದ್ದಾರೆ. ಇದಕ್ಕೆ ಏನೂ ಬೆರೆಸಬಾರದೆಂಬ ಅವರ ಪತ್ರವನ್ನು ಓದಿ ಡ್ರಾಯರಿಗೆ ಹಾಕಿದವನು ನಾನೇ. "ಅದೇ ಸರಕು ತಾನೇ ಸಾಮಿ?" ಎಂದು ಅವನು ಕೇಳಿದಾಗ, ಎಲ್ಲಿ ಬೇರೆ ಅಂಗಡಿಗೆ ಹೋದಾನೋ ಎಂದು "ಅದೇ" ಅಂದುಬಿಟ್ಟೆ.

ಇವತ್ತು ಹೋದರೆ ಇಡೀ ದೋಣಿಯ ವಾರ್ನಿಷ್ ಹಪ್ಪಳದ ಹಾಗೆ ಎದ್ದಿತ್ತು. ಅವನು ಕೂತು ಕೆರೆಯುತ್ತಿದ್ದ.

"ವಯಸಾಯಿಡ್ಚು ಸಾಮಿ, ಕೈ ಸರಿಯಿಲ್ಲೆ," ಅಂದ. ವಯಸ್ಸಾಯಿತಂತೆ, ಕೈ ಸರಿಯಿಲ್ಲವಂತೆ, ಇನ್ನು ಬ್ರಷ್ ಮುಟ್ಟೋಲ್ಲವಂತೆ.

ಆಗಲಾದರೂ ಬಾಯಿ ಬಿಡಬಹುದಿತ್ತು. ಒಂದು ಸ್ಯಾಂಡ್‌ಪೇಪರ್ ತಗೊಂಡು ಅವನ ಪಕ್ಕ ಕೂತು ಉಜ್ಜಿದೆ, ಅಷ್ಟೇ. ಅದಕ್ಕವನು ನನಗೆ ಟೀ ತರಿಸಿದ.

ಕುಡಿದೆ.